ಗುರಿ ಹಲಗೆ ತಿರುಗಿ ಹೊಡೆದರೆ?

ದ್ರೋಣಾಚಾರ್ಯರು ಇಟ್ಟ ಪರೀಕ್ಷೆ ನಿಮಗೆಲ್ಲ ಗೊತ್ತು. ಮರದ ಮೇಲೆ ಒಂದು ಹಕ್ಕಿ. ನಿನಗೇನು ಕಾಣ್ತಿದೆ ಅಂತ ಒಬ್ಬೊಬ್ಬರನ್ನೇ ಕೇಳ್ತಾ ಹೋಗ್ತಾರೆ. ಅರ್ಜುನ ಮಾತ್ರ ಹಕ್ಕಿಯ ತಲೆಯೊಂದೇ ಕಾಣ್ತಿದೆ ಅಂತಾನೆ. ನಾವು ಸಾವಿರಾರು ವರ್ಷದಿಂದ ಅರ್ಜುನನನ್ನು ಹೊಗಳ್ತಾ ಬಂದಿದ್ದೀವಿ. ಸರಿ. ಆದರೆ ಆ ಹಕ್ಕಿಯನ್ನು ಮಾಡಿದವರು ಯಾರು? ಯಾಕೆ ಕೇಳ್ತಿದ್ದೀನಿ ಅಂದ್ರೆ, ಮಹಾಭಾರತದ ಪ್ರಕಾರ ಅದು ಜೀವಂತ ಹಕ್ಕಿ ಅಲ್ಲ. ಶಿಲ್ಪಿಗಳ ಕೈಯಲ್ಲಿ ಮಾಡಿಸಿ ಕೊಂಬೆಯ ಮೇಲೆ ಕೂರಿಸಿದ ಕೃತಕ ಹಕ್ಕಿ. ಬಾಣ ಬಿಟ್ಟವನ ಹೆಸರು ಉಳಿಯಿತು, ಗುರಿ ಮಾಡಿಕೊಟ್ಟವನ ಹೆಸರು ಉಳಿಯಲಿಲ್ಲ.

ಇತಿಹಾಸದ ಪುಸ್ತಕಗಳದ್ದೂ ಇದೇ ಕಥೆ. ಬಂದೂಕಿನ ಚರಿತ್ರೆ ಇದೆ, ತೋಪಿನ ಚರಿತ್ರೆ ಇದೆ, ಟಿಪ್ಪುವಿನ ಕಬ್ಬಿಣದ ರಾಕೆಟ್ಟಿನ ಚರಿತ್ರೆಯಂತೂ ದೇಶವಿದೇಶದ ಮಾತಾಯಿತು. ಬಂದೂಕಿನ ಎದುರು ನಿಂತು ಏಟು ತಿಂದ ಹಲಗೆಯ ಚರಿತ್ರೆ? ಅದನ್ನು ಇವತ್ತು ಹೇಳ್ತೀನಿ. ಹರಿಹರದಿಂದಲೇ ಶುರು ಮಾಡ್ತೀನಿ. ಯಾಕೆ ಹರಿಹರ? ಕರ್ನಾಟಕದಲ್ಲಿ ಬಂದೂಕಿನ ವಿದ್ಯೆ ಮತ್ತು ಲೋಹದ ವಿದ್ಯೆ ಎರಡೂ ಬಂದು ಬೀಡು ಬಿಟ್ಟ ಊರುಗಳಲ್ಲಿ ಅದೂ ಒಂದು. ಆದರೆ ಎರಡೂ ಬೇರೆ ಬೇರೆ ಕಾಲಕ್ಕೆ ಬಂದವು. ಒಂದಕ್ಕೊಂದು ಮುಖ ನೋಡಿಕೊಳ್ಳಲೇ ಇಲ್ಲ.

ಹರಿಹರ ಅಂದ ತಕ್ಷಣ ನಮಗೆ ನೆನಪಾಗೋದು ಹರಿಹರೇಶ್ವರ, ಆಮೇಲೆ ತುಂಗಭದ್ರೆ. ಆದರೆ 19ನೇ ಶತಮಾನದಲ್ಲಿ ಈ ಊರಿಗೆ ಇನ್ನೊಂದು ಗುರುತಿತ್ತು. ದಂಡು! ಊರಿನ ವಾಯವ್ಯಕ್ಕೆ ಎರಡು ಮೈಲಿ ದೂರದಲ್ಲಿ ಬ್ರಿಟಿಷರ ಕಂಟೋನ್ಮೆಂಟ್ ಇತ್ತು. 1865ರವರೆಗೂ ಅಲ್ಲಿ ಒಂದು ದೇಶೀ ರೆಜಿಮೆಂಟ್ ಬೀಡು ಬಿಟ್ಟಿತ್ತು. ಬೆಂಗಳೂರಿನಿಂದ ಧಾರವಾಡಕ್ಕೆ ಹೋಗುವ ಹೆದ್ದಾರಿ ಇಲ್ಲೇ ಹೊಳೆ ದಾಟಬೇಕು. ದಂಡು ಇಲ್ಲಿರದೆ ಇನ್ನೆಲ್ಲಿರುತ್ತೆ?

ಆ ದಂಡಿನ ಕೊನೆಯ ಹತ್ತು ಹನ್ನೆರಡು ವರ್ಷ ಇದೆಯಲ್ಲ, ಜಗತ್ತಿನಲ್ಲಿ ಬಂದೂಕಿನ ಸ್ವಭಾವವೇ ಬದಲಾದ ಕಾಲ ಅದು. ಅಲ್ಲಿಯವರೆಗೆ ಸಿಪಾಯಿಯ ಕೈಯಲ್ಲಿದ್ದದ್ದು ಒಳಗೆ ನುಣುಪಾದ ನಳಿಗೆಯ ಮಸ್ಕೆಟ್. ನೂರು ಗಜ ದಾಟಿದರೆ ಅದರ ಗುಂಡು ಎಲ್ಲಿಗೆ ಹೋಗುತ್ತೆ ಅಂತ ಹೊಡೆದವನಿಗೇ ಭರವಸೆ ಇಲ್ಲ. 1853ರಲ್ಲಿ ಎನ್‌ಫೀಲ್ಡ್ ರೈಫಲ್ ಬಂತು. ನಳಿಗೆಯೊಳಗೆ ಸುರುಳಿ ಗೀರು. ಗುಂಡು ಬುಗುರಿಯ ಹಾಗೆ ತಿರುಗುತ್ತಾ ನೆಟ್ಟಗೆ ಹೋಗುತ್ತೆ. ವ್ಯತ್ಯಾಸ ಎಷ್ಟು ಅಂತ ನಮ್ಮೂರಿನ ಅಳತೆಯಲ್ಲೇ ಹೇಳ್ತೀನಿ. ಹರಿಹರದ ಹಳೇ ಸೇತುವೆ 1868ರಲ್ಲಿ ಮುಗಿದದ್ದು. ಅರವತ್ತು ಅಡಿ ಅಗಲದ 14 ಕಮಾನು. ಈ ತುದಿಯಲ್ಲಿ ನಿಂತು ಹೊಡೆದರೆ ಹಳೇ ಮಸ್ಕೆಟ್ಟಿನ ನಂಬಿಕೆ ಐದನೇ ಕಮಾನಿಗೆ ಮುಗೀತಿತ್ತು. ಎನ್‌ಫೀಲ್ಡ್‌ಗೆ ಆ ತುದಿಯೂ ಹತ್ತಿರವೇ!

ಇದೇ ಎನ್‌ಫೀಲ್ಡ್ ತೋಟಾಕ್ಕೆ ಸವರಿದ ಕೊಬ್ಬಿನ ಸುದ್ದಿ 1857ರಲ್ಲಿ ಬೆಂಕಿ ಹಚ್ಚಿದ್ದು. ಅದು ನಿಮಗೆ ಗೊತ್ತು. ನಾನು ಹೇಳೋದು ಬೇರೆ. ದೂರಕ್ಕೆ ಹೊಡೆಯುವ ಬಂದೂಕು ಬಂದ ಮೇಲೆ ಸಿಪಾಯಿಗೆ ಗುರಿ ಅಭ್ಯಾಸ ಅನ್ನೋದು ಪಾಠವಾಯಿತು. 1853ರಲ್ಲೇ ಇಂಗ್ಲೆಂಡಿನ ಹೈತ್ ಎಂಬಲ್ಲಿ ಇದಕ್ಕೊಂದು ಶಾಲೆ ತೆಗೆದರು. ಬಂದೂಕಿಗೆ ಮಾತ್ರ ಅಲ್ಲ, ಗುರಿ ಹಲಗೆಗೂ ಅಳತೆ ನಿಗದಿ ಮಾಡಿದರು. ಆರು ಅಡಿ ಎತ್ತರ, ಎರಡು ಅಡಿ ಅಗಲ. ಹೆಚ್ಚುಕಡಿಮೆ ಒಬ್ಬ ಆಳಿನ ಗಾತ್ರ. ಮಾಡಿದ್ದು ಯಾವುದರಲ್ಲಿ? ಕಬ್ಬಿಣದಲ್ಲಿ.

ಕಬ್ಬಿಣ ಯಾಕೆ? ಮರದ ಹಲಗೆ ನಾಲ್ಕು ದಿನಕ್ಕೆ ಚೂರಾಗುತ್ತೆ. ಬಟ್ಟೆ ಹರಿಯುತ್ತೆ. ಕಬ್ಬಿಣಕ್ಕೆ ಸುಣ್ಣ ಬಳಿದು, ನಡುವೆ ಕಪ್ಪು ಗುರುತು ಹಾಕಿ ನಿಲ್ಲಿಸಿದರೆ ಆಯ್ತು. ಸೀಸದ ಗುಂಡು ಬಡಿದ ತಕ್ಷಣ ಚಪ್ಪಟೆಯಾಗಿ, ಬಿಳಿ ಸುಣ್ಣದ ಮೇಲೆ ಬೂದು ಬಣ್ಣದ ನಕ್ಷತ್ರ ಮೂಡುತ್ತೆ. ಗುರಿಯ ಪಕ್ಕ ಮರೆಯಲ್ಲಿ ಕೂತವನು ಬಣ್ಣದ ಬಾವುಟ ಎತ್ತಿ ಏಟು ಎಲ್ಲಿ ಬಿತ್ತು ಅಂತ ತೋರಿಸ್ತಾನೆ. ಮತ್ತೆ ಸುಣ್ಣ, ಮತ್ತೆ ಗುಂಡು. 1860ರ ಜುಲೈ 2ರಂದು ವಿಂಬಲ್ಡನ್ ಮೈದಾನದಲ್ಲಿ ವಿಕ್ಟೋರಿಯಾ ರಾಣಿ ಮೊದಲ ಗುಂಡು ಹಾರಿಸಿ ಸ್ಪರ್ಧೆ ಶುರು ಮಾಡಿದ್ದೂ ಇಂಥ ಗುರಿಗೇ. ಹೌದು, ಇವತ್ತು ಟೆನಿಸ್‌ಗೆ ಹೆಸರಾದ ಅದೇ ವಿಂಬಲ್ಡನ್!

ಒಂದು ವಿಷಯ ಗಮನಿಸಿ. ಇಡೀ ವ್ಯವಸ್ಥೆ ನಿಂತಿದ್ದು ಒಂದೇ ಒಂದು ನಂಬಿಕೆಯ ಮೇಲೆ. ಗುಂಡು ಮೆತ್ತಗೆ, ಗುರಿ ಗಟ್ಟಿ. ಈ ಲೆಕ್ಕ ಸರಿ ಇದ್ದಷ್ಟು ದಿನ ಹೊಡೆದವನು ಕ್ಷೇಮ.

ಲೆಕ್ಕ ತಪ್ಪಿದ್ದು ಯಾವಾಗ? 1882ರಲ್ಲಿ ಸ್ವಿಟ್ಜರ್‌ಲೆಂಡಿನ ಎಡ್ವರ್ಡ್ ರುಬಿನ್ ಸೀಸದ ಗುಂಡಿಗೆ ತಾಮ್ರದ ಅಂಗಿ ತೊಡಿಸಿದ. 1886ರಲ್ಲಿ ಫ್ರಾನ್ಸಿನವರು ಹೊಗೆಯಿಲ್ಲದ ಮದ್ದಿನ ರೈಫಲ್ ತಂದರು. 1888ರಲ್ಲಿ ಬ್ರಿಟಿಷರ ಸೈನ್ಯಕ್ಕೆ .303 ಬಂತು. ನಮ್ಮ ಪೊಲೀಸರ ಹೆಗಲ ಮೇಲೆ ದಶಕಗಟ್ಟಲೆ ನೀವು ನೋಡಿದ ತ್ರೀ ನಾಟ್ ತ್ರೀ ಅದೇ ವಂಶದ್ದು. ಅದರ ಗುಂಡಿನ ವೇಗ ಮುಂದೆ ಸೆಕೆಂಡಿಗೆ 2440 ಅಡಿ ಮುಟ್ಟಿತು. ಹಳೇ ಎನ್‌ಫೀಲ್ಡ್‌ನ ಸುಮಾರು ಎರಡು ಪಟ್ಟು. ವೇಗ ಎರಡು ಪಟ್ಟಾದರೆ, ಅದೇ ತೂಕದ ಗುಂಡಿನ ಏಟು ನಾಲ್ಕು ಪಟ್ಟಾಗುತ್ತೆ. ಹೈಸ್ಕೂಲಿನ ಭೌತಶಾಸ್ತ್ರ ಇದು. ಮೆದು ಕಬ್ಬಿಣದ ಹಲಗೆ ಇದನ್ನು ತಡೆಯುತ್ತಾ? 19ನೇ ಶತಮಾನ ಮುಗಿಯುವ ಹೊತ್ತಿಗೆ ದೊಡ್ಡ ದೊಡ್ಡ ರೇಂಜ್‌ಗಳಲ್ಲಿ ಕಬ್ಬಿಣದ ಜಾಗಕ್ಕೆ ಕ್ಯಾನ್ವಾಸು, ಕಾಗದ ಬಂದಿತ್ತು. ಹಿಂದೆ ಮಣ್ಣಿನ ದಿಬ್ಬ. ಗುಂಡು ತೂರಿಕೊಂಡು ಹೋಗಿ ಮಣ್ಣಲ್ಲಿ ಮಲಗುತ್ತೆ. ತಂಟೆಯೇ ಇಲ್ಲ.

ಇಷ್ಟೆಲ್ಲ ಕಲಿತದ್ದು ಯಾರು? ದಂಡಿನವರು. ನಮ್ಮ ಜನ ಕಲಿತರಾ? ಕಲಿಯೋಕೆ ಬಿಡಲಿಲ್ಲ. 1857ರಲ್ಲಿ ನಿಶ್ಶಸ್ತ್ರೀಕರಣ ಕಾನೂನು ಬಂತು, ಮನೆಯಲ್ಲಿರುವ ಆಯುಧ ತಂದು ಒಪ್ಪಿಸಿ ಅಂದರು. ಮುಧೋಳದ ಹತ್ತಿರದ ಹಲಗಲಿಯ ಬೇಡರು ಒಪ್ಪಲಿಲ್ಲ. ಊರನ್ನೇ ಸುಟ್ಟರು. 1878ರ ಶಸ್ತ್ರಾಸ್ತ್ರ ಕಾಯ್ದೆ ಆ ಬೇಲಿಯನ್ನು ಇನ್ನಷ್ಟು ಎತ್ತರ ಮಾಡಿತು. ಕೊಡಗಿನಂಥ ಒಂದೆರಡು ಕಡೆ ಬಂದೂಕು ಮನೆಯ ವಸ್ತುವಾಗಿ ಉಳಿಯಿತು. ಅಲ್ಲಿಯ ಜನ ಕೈಲ್‌ಪೊಳ್ದ್ ಹಬ್ಬದಲ್ಲಿ ಇವತ್ತಿಗೂ ಗುಂಡು ಹೊಡೆಯೋದು ಯಾವುದಕ್ಕೆ? ತೆಂಗಿನಕಾಯಿಗೆ. ಎಂಥಾ ವಿವೇಕ ನೋಡಿ! ಬಿದ್ದರೆ ಕಾಯಿ ಒಡೆಯುತ್ತೆ, ತಿರುಗಿ ಹೊಡೆಯಲ್ಲ. ಬಯಲುಸೀಮೆಗೆ ಈ ವಿವೇಕ ಬೆಳೆಯೋಕೆ ಅವಕಾಶವೇ ಸಿಗಲಿಲ್ಲ. 1865ರಲ್ಲಿ ಹರಿಹರದ ದಂಡು ಎದ್ದು ಹೋಯಿತು. ಅದರ ಜೊತೆ ಗುರಿಯ ವಿದ್ಯೆಯೂ ಗಂಟು ಕಟ್ಟಿತು.

ಈಗ ಎರಡನೇ ಕಥೆಗೆ ಬನ್ನಿ. ಲೋಹದ ಕಥೆ. ಉಕ್ಕು ನಮಗೆ ಹೊರಗಿನಿಂದ ಬಂದದ್ದಲ್ಲ. ಮಣ್ಣಿನ ಮೂಸೆಯಲ್ಲಿ ಉಕ್ಕು ಕಾಯಿಸುವ ಕುಲುಮೆಗಳು ಮೈಸೂರು ಸೀಮೆಯಲ್ಲಿ ಇದ್ದವು. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಜಾರ್ಜ್ ಪಿಯರ್ಸನ್ ಭಾರತದ 'ವೂಟ್ಜ್' ಎಂಬ ಉಕ್ಕಿನ ಬಗ್ಗೆ ಪ್ರಬಂಧ ಓದಿದ. ಆ ಪದ ನಮ್ಮ 'ಉಕ್ಕು' ಶಬ್ದದ್ದೇ ಅಪಭ್ರಂಶ ಅಂತ ಅನೇಕ ವಿದ್ವಾಂಸರು ಹೇಳ್ತಾರೆ. ಆ ಕುಲುಮೆಗಳು ಆರಿಹೋದ ಮೇಲೆ, 1923ರಲ್ಲಿ ಭದ್ರಾವತಿಯಲ್ಲಿ ವಿಶ್ವೇಶ್ವರಯ್ಯನವರ ಕನಸಿನ ಕಬ್ಬಿಣದ ಕಾರ್ಖಾನೆ ಹೊಗೆಯಾಡಿತು. ಕಲ್ಲಿದ್ದಲು ಇಲ್ಲದ ನಾಡಿನಲ್ಲಿ ಮಲೆನಾಡಿನ ಕಟ್ಟಿಗೆಯ ಇದ್ದಿಲಿನಿಂದ ಕಬ್ಬಿಣ ತೆಗೆದರು.

1941ರಲ್ಲಿ ಹರಿಹರಕ್ಕೆ ಮೈಸೂರು ಕಿರ್ಲೋಸ್ಕರ್ ಬಂತು. ಎರಡನೇ ಮಹಾಯುದ್ಧದ ಕಾಲ, ವಿದೇಶದಿಂದ ಯಂತ್ರ ತರಿಸೋದೇ ಕಷ್ಟ. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರು ಮಾಡಿ ಕಬ್ಬಿಣದ ನೇಗಿಲು ಮಾಡಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರ ಸಂಸ್ಥೆ ಇಲ್ಲಿ ಲೇತ್ ಯಂತ್ರ ಮಾಡಿತು. ಯಂತ್ರಾಪುರ ಅಂತ ಊರೇ ಎದ್ದಿತು. ಅಲ್ಲಿ ಕೈ ಪಳಗಿದವನಿಗೆ ಯಾವ ಪುಸ್ತಕವೂ ಬೇಕಿರಲಿಲ್ಲ. ಲೇತಿನ ಮೊದಲ ಪಾಠವೇ ಅದು: ಕತ್ತರಿಸುವ ಟೂಲ್, ಕತ್ತರಿಸಿಕೊಳ್ಳುವ ಜಾಬ್‌ಗಿಂತ ಗಟ್ಟಿ ಇರಬೇಕು. ಇಲ್ಲದಿದ್ದರೆ ಟೂಲ್ ಮುರಿದು ಮುಖಕ್ಕೇ ಸಿಡಿಯುತ್ತೆ. ಹೊಸ ಶತಮಾನ ಶುರುವಾಗುವ ಹೊತ್ತಿಗೆ ಆ ಕಾರ್ಖಾನೆಯ ಸದ್ದು ನಿಂತಿತು. ಆದರೆ ಹರಿಹರದಿಂದ ದಾವಣಗೆರೆವರೆಗೆ ಲೇತ್ ವರ್ಕ್ಸು, ವೆಲ್ಡಿಂಗ್ ಶಾಪುಗಳ ಸದ್ದು ನಿಂತಿಲ್ಲ.

ಇದನ್ನೆಲ್ಲ ಈಗ ಯಾಕೆ ಹೇಳ್ತಿದ್ದೀನಿ? ಬೇಲಿ ಈಗ ತೆಗೆದಿದೆ. ರೈಫಲ್ ಕ್ಲಬ್‌ಗಳಿವೆ, ಪೊಲೀಸರೇ ನಾಗರಿಕರಿಗೆ ಬಂದೂಕು ತರಬೇತಿ ಶಿಬಿರ ಮಾಡ್ತಾರೆ, ಒಲಿಂಪಿಕ್ಸ್ ಪದಕ ನೋಡಿ ಮಕ್ಕಳು ಶೂಟಿಂಗ್ ಕಲೀಬೇಕು ಅಂತಾರೆ. ಒಳ್ಳೇದೇ. ಇನ್ನೊಂದು ಕಡೆ, ಬಡಿದರೆ ಠಣ್ ಅನ್ನುವ ಉಕ್ಕಿನ ಗುರಿ ಜಗತ್ತಿನಲ್ಲಿ ಮತ್ತೆ ಬಂದಿದೆ. ಮೆಕ್ಸಿಕೋದಲ್ಲಿ ಒಂದು ಕಾಲಕ್ಕೆ ಜೀವಂತ ಕೋಳಿ, ಟಗರು ಕಟ್ಟಿ ಗುಂಡು ಹೊಡೆಯುವ ಪಂದ್ಯ ನಡೀತಿತ್ತು. ಕಳೆದ ಶತಮಾನದ ಮಧ್ಯದಲ್ಲಿ ಅವುಗಳ ಜಾಗಕ್ಕೆ ಅದೇ ಆಕಾರದ ಉಕ್ಕಿನ ತಗಡು ನಿಲ್ಲಿಸಿದರು. ಉಕ್ಕು ಪ್ರಾಣಿಗಳ ಪ್ರಾಣ ಉಳಿಸಿತು. ಆದರೆ ತಪ್ಪಾದ ಉಕ್ಕು ಮನುಷ್ಯನ ಕಣ್ಣು ತೆಗೆಯುತ್ತೆ!

ಹೇಗೆ? ಗುಜರಿಯಲ್ಲಿ ಸಿಕ್ಕ ಎಂ.ಎಸ್. ಪ್ಲೇಟನ್ನು ಗ್ಯಾಸ್ ಕಟಿಂಗ್‌ನಲ್ಲಿ ದುಂಡಗೆ ಕೊಯ್ದು ನಿಲ್ಲಿಸಿದರು ಅನ್ನಿ. ಲೋಹದ ಗಟ್ಟಿತನ ಅಳೆಯೋಕೆ ಬ್ರಿನೆಲ್ ಅಂತ ಒಂದು ಮಾಪನ ಇದೆ. ಎಂ.ಎಸ್. ಪ್ಲೇಟು ಅದರಲ್ಲಿ ನೂರಿಪ್ಪತ್ತು, ನೂರೈವತ್ತರ ಆಸುಪಾಸು. ರೈಫಲ್ ಗುಂಡು ಅದರಲ್ಲಿ ತಗ್ಗು ತೋಡುತ್ತೆ. ಮುಂದಿನ ಗುಂಡು ಆ ತಗ್ಗಿಗೇ ಬಿದ್ದರೆ, ಬಟ್ಟಲಿನ ಅಂಚಿಗೆ ಜಾರಿದ ನೀರಿನ ಹಾಗೆ ತಾಮ್ರದ ಚೂರು ಹೊಡೆದವನ ಕಡೆಗೇ ತಿರುಗಿ ಬರುತ್ತೆ. ರೈಫಲ್ ಗುರಿಗೆ ಬೇಕಾದದ್ದು ಬ್ರಿನೆಲ್ 500ರ ಸುಮಾರಿನ ಗಟ್ಟಿ ಉಕ್ಕು. ಅದಿರು ಸುರಿಯುವ ಡಂಪರ್ ತೊಟ್ಟಿಗೆ, ಅಗೆಯುವ ಬಕೆಟ್ಟಿನ ಅಂಚಿಗೆ ಹಾಕುವ ಸವೆಯದ ಪ್ಲೇಟಿನ ಜಾತಿ. ಅದರ ಮುಖ ನುಣ್ಣಗಿದ್ದರೆ ಗುಂಡು ಪುಡಿಯಾಗಿ ತಟ್ಟೆಯ ಮೈಗುಂಟ ಪಕ್ಕಕ್ಕೆ ಹರಡುತ್ತೆ, ಹಿಂದಕ್ಕೆ ಬರಲ್ಲ. ಹಾಗಂತ ಪಕ್ಕದಲ್ಲಿ ಯಾರೂ ನಿಲ್ಲಬಾರದು.

ಅದನ್ನೂ ಗ್ಯಾಸಿನಲ್ಲಿ ಕೊಯ್ದರೆ ಬಿಸಿ ತಾಗಿದ ಅಂಚು ಮತ್ತೆ ಮೆತ್ತಗಾಗುತ್ತೆ. ಲೇಸರ್ ಅಥವಾ ನೀರಿನ ಜೆಟ್‌ನಲ್ಲಿ ಕೊಯ್ಯಬೇಕು, ಮುಖದ ಮೇಲೆ ವೆಲ್ಡಿಂಗ್ ಕೂಡದು. ಮೇಲಿನ ಅಂಚು ಹೊಡೆಯುವವನ ಕಡೆ ಸುಮಾರು 20 ಡಿಗ್ರಿ ಬಾಗಿರಬೇಕು, ಚೂರು ನೆಲಕ್ಕೆ ಹೋಗಲಿ ಅಂತ. ರೈಫಲ್ಲಿಗೆ ಕನಿಷ್ಠ 100 ಗಜ ದೂರ. ಬಡಿಯುವ ವೇಗ ಸೆಕೆಂಡಿಗೆ 3000 ಅಡಿ ಮೀರಿದರೆ ಈ ಗಟ್ಟಿ ತಟ್ಟೆಯಲ್ಲೂ ತಗ್ಗು ಬೀಳುತ್ತೆ. ಉಕ್ಕಿನ ತಿರುಳಿರುವ ಗುಂಡಂತೂ ಬೇಡವೇ ಬೇಡ. ತಗ್ಗು ಕಂಡ ದಿನವೇ ತಟ್ಟೆಗೆ ನಿವೃತ್ತಿ. ಕಣ್ಣಿಗೆ ಕನ್ನಡಕ, ಹಿಂದೆ ಮಣ್ಣಿನ ದಿಬ್ಬ, ಕೈಯಲ್ಲಿ ಲೈಸೆನ್ಸು. ಇದೆಲ್ಲ ಪರವಾನಗಿ ಇರುವ ರೇಂಜ್‌ನಲ್ಲಿ ಮಾತ್ರ, ಹೊಲದ ಬದುವಿನಲ್ಲಲ್ಲ.

ಬಂದೂಕಿಗೆ ಲೈಸೆನ್ಸ್ ಕೇಳುವ ಸರ್ಕಾರ ಇದೆ. ಗುಂಡಿಗೆ ಲೆಕ್ಕ ಕೇಳುವ ಪೊಲೀಸ್ ಇದ್ದಾರೆ. ಆದರೆ ಗುರಿ ಹಲಗೆ ತಯಾರಾಗುವಾಗ ಪ್ರಶ್ನೆ ಕೇಳಬೇಕಾದವನು ಯಾರು ಗೊತ್ತಾ? ವೆಲ್ಡಿಂಗ್ ಶಾಪಿನ ಯಜಮಾನ. ದಂಡಿನ ವಿದ್ಯೆ ಮತ್ತು ಯಂತ್ರಾಪುರದ ವಿದ್ಯೆ ಒಂದಾಗಬೇಕಾದದ್ದು ಅವನ ಮೇಜಿನ ಮೇಲೆ. ಯಾರಾದರೂ ಬಂದು 'ಅಣ್ಣಾ, ಗುಂಡು ಹೊಡೆಯೋಕೆ ಒಂದು ತಟ್ಟೆ ಕೊಯ್ದು ಕೊಡು' ಅಂದರೆ ರೇಟು ಹೇಳೋಕೆ ಮುಂಚೆ ಮೂರು ಮಾತು ಕೇಳಲಿ. ಯಾವ ಬಂದೂಕು? ಎಷ್ಟು ದೂರ? ಪ್ಲೇಟಿನ ಟೆಸ್ಟ್ ಸರ್ಟಿಫಿಕೇಟ್ ಎಲ್ಲಿ? ಮೂರಕ್ಕೂ ಉತ್ತರ ಬರಲಿಲ್ಲವಾ, ಗ್ಯಾಸ್ ಕಟರ್ ಆರಿಸಿ ಬಂದವನಿಗೆ ಒಂದು ಟೀ ಕುಡಿಸಿ ಕಳಿಸಲಿ. ಆವತ್ತು ನೂರಿನ್ನೂರು ರೂಪಾಯಿ ಹೋಗಬಹುದು, ಒಬ್ಬನ ಕಣ್ಣು ಉಳಿಯುತ್ತೆ.