ಬೆಳೆಯದ ಮರಿ, ಬಟಾಣಿಯಷ್ಟು ಗ್ರಂಥಿ

ಪುಣೆಯಿಂದ ಸೊಲ್ಲಾಪುರ, ಕಲಬುರಗಿಯ ಕಡೆಗೆ ಊರಿಗೆ ಹೊರಟ ನಮಗೆಲ್ಲ ದೌಂಡ ಚಿರಪರಿಚಿತ. ಮನಮಾಡದ ಹಳಿ ಬಂದು ಕೂಡುವುದು ಇಲ್ಲಿಯೇ. ಊರ ಬದಿಯಲ್ಲಿ ಹರಿಯುವ ಭೀಮೆಯೂ ನಮ್ಮಂತೆ ಕನ್ನಡ ನಾಡಿನತ್ತ ಹೊರಟವಳು. ಈ ಬಯಲು ಸೀಮೆಯಲ್ಲಿ ಧನಗರರು ಮೇಯಿಸುವ ದಖನಿ ಕುರಿಯನ್ನೇ ನಮ್ಮ ಕಡೆಯ ಕುರುಬರೂ ಸಾಕುತ್ತಾರೆ. ಒಂದೇ ಹಿಂಡಿನಲ್ಲಿ ಹುಟ್ಟಿ, ಒಂದೇ ಹುಲ್ಲು ಮೇಯ್ದ ಮರಿಗಳಲ್ಲಿ ಒಂದು ಮಾತ್ರ ಕುಳ್ಳಾಗಿ ಉಳಿಯುವುದುಂಟು. ದೃಷ್ಟಿ ತಾಕಿತೆನ್ನುವವರು ಕೆಲವರು, ತಾಯಿಯ ಹಾಲು ಸಾಲದೆನ್ನುವವರು ಕೆಲವರು. ಮನೆಯ ಮಗುವಿನ ವಿಷಯದಲ್ಲೂ ನಾವು ಆಡುವುದು ಇದೇ ಮಾತಲ್ಲವೇ?

ಇದರ ಒಂದು ಗುಟ್ಟು ಮೆದುಳಿನ ಬುಡದಲ್ಲಿದೆ. ಅಲ್ಲಿರುವ ಪಿಟ್ಯುಟರಿ ಗ್ರಂಥಿ ಮನುಷ್ಯನಲ್ಲಿ ಬಟಾಣಿ ಕಾಳಿನಷ್ಟು. 1916ರಲ್ಲಿ ಅಮೆರಿಕದ ಫಿಲಿಪ್ ಸ್ಮಿತ್ ಮತ್ತು ಬೆನೆಟ್ ಆಲನ್ ಬೇರೆ ಬೇರೆಯಾಗಿ ಕಪ್ಪೆಯ ಗೊದಮೊಟ್ಟೆಗಳಿಂದ ಈ ಗ್ರಂಥಿಯ ಮೊಳಕೆಯನ್ನು ತೆಗೆದುನೋಡಿದರು. ಅವುಗಳ ಬಣ್ಣ ಬಿಳಿಚಿತು, ಬೆಳವಣಿಗೆ ಕುಂಠಿತವಾಯಿತು. ಅವು ಕಪ್ಪೆಗಳಾಗಲೇ ಇಲ್ಲ. 1921ರಲ್ಲಿ ಕ್ಯಾಲಿಫೋರ್ನಿಯದ ಹರ್ಬರ್ಟ್ ಇವಾನ್ಸ್ ಮತ್ತು ಜೋಸೆಫ್ ಲಾಂಗ್ ದನದ ಗ್ರಂಥಿಯ ಸಾರವನ್ನು ಎಳೆಯ ಇಲಿಗಳಿಗೆ ಚುಚ್ಚಿದಾಗ, ಅವು ಒಡಹುಟ್ಟಿದ ಇಲಿಗಳನ್ನು ಮೀರಿ ದೈತ್ಯವಾಗಿ ಬೆಳೆದವು. ಗ್ರಂಥಿ ತೆಗೆದರೆ ಎಳೆಯ ಇಲಿಯ ಬೆಳವಣಿಗೆ ನಿಲ್ಲುತ್ತದೆ, ಗ್ರಂಥಿಯ ತುಣುಕನ್ನು ದಿನವೂ ಒಳಗಿಟ್ಟರೆ ಮತ್ತೆ ಮೊದಲಾಗುತ್ತದೆ ಎಂಬುದನ್ನು ಸ್ಮಿತ್ 1930ರಲ್ಲಿ ವಿವರವಾಗಿ ಪ್ರಕಟಿಸಿದರು. 1944ರಲ್ಲಿ ಚೋ ಹಾವೊ ಲೀ ಮತ್ತು ಇವಾನ್ಸ್ ದನದ ಗ್ರಂಥಿಯಿಂದ ಬೆಳವಣಿಗೆಯ ಹಾರ್ಮೋನನ್ನು ಬೇರ್ಪಡಿಸಿದರು.

ಆದರೆ ದನದ ಹಾರ್ಮೋನು ಮನುಷ್ಯನಲ್ಲಿ ಕೆಲಸ ಮಾಡಲಿಲ್ಲ. ಆದ್ದರಿಂದ 1958ರ ಸುಮಾರಿನಿಂದ ಶವಗಳ ಗ್ರಂಥಿಯಿಂದ ಔಷಧ ತೆಗೆದು ಕುಳ್ಳ ಮಕ್ಕಳಿಗೆ ಕೊಡತೊಡಗಿದರು. ಅನೇಕರು ಬೆಳೆದರು. ಹೀಗೆ ಔಷಧ ಪಡೆದ ಕೆಲವರು ವರ್ಷಗಳ ತರುವಾಯ ಮೆದುಳನ್ನು ನಾಶಮಾಡುವ ಕ್ರೂಟ್ಸ್‌ಫೆಲ್ಟ್-ಯಾಕೋಬ್ ರೋಗದಿಂದ ತೀರಿಕೊಂಡದ್ದು 1985ರಲ್ಲಿ ಬೆಳಕಿಗೆ ಬಂತು. ಆ ಔಷಧ ನಿಂತು, ಅದೇ ವರ್ಷ ಬ್ಯಾಕ್ಟೀರಿಯಾದಿಂದ ತಯಾರಿಸಿದ ಹಾರ್ಮೋನು ಅಮೆರಿಕದಲ್ಲಿ ಬಳಕೆಗೆ ಬಂತು.

ಹಾಗೆಂದು ಗ್ರಂಥಿಯೊಂದೇ ಎಲ್ಲವೂ ಅಲ್ಲ. ಅದು ಆಜ್ಞೆ ಕಳುಹಿಸುತ್ತದೆ. ಆಜ್ಞೆಯಂತೆ ಯಕೃತ್ತು ಇನ್ನೊಂದು ರಸವನ್ನು ತಯಾರಿಸಬೇಕು. ಆಗ ಎಲುಬಿನ ತುದಿಗಳು ಬೆಳೆಯುತ್ತವೆ. ಹೊಟ್ಟೆಗಿಲ್ಲದಿದ್ದರೆ ರಕ್ತದಲ್ಲಿ ಹಾರ್ಮೋನು ಎಷ್ಟಿದ್ದರೂ ಯಕೃತ್ತು ಓಗೊಡುವುದಿಲ್ಲ. ಕುಳ್ಳಾಗಿ ಉಳಿದ ಮರಿಗಳೆಲ್ಲ ಗ್ರಂಥಿಯ ದೋಷದವಲ್ಲ; ಹಸಿವು, ಹೊಟ್ಟೆಹುಳು, ವಂಶಗುಣ ಇವೂ ಕಾರಣಗಳೇ.

ಇದರಿಂದ ನಾವು ಕಲಿಯಬೇಕಾದದ್ದು ಇಷ್ಟು. ಹರೆಯ ಮುಗಿಯುವ ಹೊತ್ತಿಗೆ ಎಲುಬಿನ ತುದಿಗಳು ಬೆಸೆದುಕೊಳ್ಳುತ್ತವೆ. ಆಮೇಲೆ ಯಾವ ಔಷಧದಿಂದಲೂ ಎತ್ತರ ಬೆಳೆಯದು. ಆದುದರಿಂದ ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಮಕ್ಕಳನ್ನು ಗೋಡೆಗೆ ನಿಲ್ಲಿಸಿ ಗೆರೆ ಎಳೆದಿಡೋಣ. ಗೆರೆ ಮೇಲೇರದಿದ್ದರೆ ದೃಷ್ಟಿ ತೆಗೆದು ಸುಮ್ಮನಾಗದೆ, ತಾಯಿಯನ್ನೂ ದೂರದೆ, ವೈದ್ಯರ ಬಳಿಗೆ ಹೋಗೋಣ.