ಲಿಯೊನಾರ್ಡೊನ ಕುದುರೆಯೂ ಕಾರ್ಕಳದ ಗೊಮ್ಮಟನೂ

ಕಲೆಯೂ ಯಂತ್ರವಿದ್ಯೆಯೂ ಒಂದೆಡೆ ಕೂಡಿದ್ದ ಕಾಲಕ್ಕೆ ನಿದರ್ಶನವಾಗಿ ಇಟಲಿಯ ಲಿಯೊನಾರ್ಡೊ ಡ ವಿಂಚಿಯನ್ನು (1452–1519) ಹೆಸರಿಸುವುದು ನಮ್ಮ ತರಗತಿಗಳಲ್ಲಿ ರೂಢಿಯಾಗಿದೆ. ಇದು ಯುಕ್ತವೇ ಸರಿ. ಆದರೆ ಆತನು ಜನಿಸುವುದಕ್ಕೆ ಇಪ್ಪತ್ತು ವರ್ಷ ಮೊದಲೇ, ಕಡಿಯಾಳಿಯಿಂದ ಮಣಿಪಾಲದ ಮಾರ್ಗವಾಗಿ ಹೋದರೆ ಸಿಗುವ ಕಾರ್ಕಳದಲ್ಲಿ ಈ ಎರಡು ವಿದ್ಯೆಗಳೂ ಕೂಡಿದ್ದವೆಂಬುದನ್ನು ನಾವು ಮರೆಯಲಾಗದು.

ಮೊದಲು ಲಿಯೊನಾರ್ಡೊನ ವಿಷಯ. ಮಿಲಾನಿನ ಅಧಿಪತಿ ಲುಡೊವಿಕೊ ಸ್ಫೋರ್ಜನು ತನ್ನ ತಂದೆಯ ಸ್ಮಾರಕವಾಗಿ ಕಂಚಿನ ಅಶ್ವಾರೋಹಿ ವಿಗ್ರಹವೊಂದನ್ನು ನಿರ್ಮಿಸುವ ಕೆಲಸವನ್ನು ಆತನಿಗೆ ಒಪ್ಪಿಸಿದ್ದನು. ಕುದುರೆಯ ಎತ್ತರವೇ ಸುಮಾರು 24 ಅಡಿ. ಅದರ ಮಣ್ಣಿನ ಮಾದರಿಯು 1493ರಲ್ಲಿ ಪ್ರದರ್ಶಿತವಾಯಿತು. ಮರುವರ್ಷ, ಎರಕಕ್ಕೆಂದು ಕೂಡಿಟ್ಟಿದ್ದ ಕಂಚು ಫಿರಂಗಿಗಳ ಪಾಲಾಯಿತು. 1499ರಲ್ಲಿ ಫ್ರೆಂಚ್ ಸೈನಿಕರ ಬಾಣಗಳಿಗೆ ಗುರಿಯಾಗಿ ಮಾದರಿಯೂ ಹಾಳಾಯಿತು. ಉಳಿದುದು ಟಿಪ್ಪಣಿ ಪುಸ್ತಕಗಳು ಮಾತ್ರ. 1960ರ ದಶಕದಲ್ಲಿ ಮ್ಯಾಡ್ರಿಡ್ ನಗರದಲ್ಲಿ ದೊರೆತ ಹಸ್ತಪ್ರತಿಯೊಂದರಲ್ಲಿ ಎರಕದ ಕ್ರಮವನ್ನು ಆತನೇ ವಿವರಿಸಿರುವುದು ಕಂಡುಬಂದಿತು.

ಕಾರ್ಕಳದ ಸಂಗತಿ ಇದಕ್ಕೆ ವಿಪರೀತವಾದುದು. ಭೈರರಸ ವಂಶದ ವೀರಪಾಂಡ್ಯನು ಲಲಿತಕೀರ್ತಿ ಮುನಿಗಳ ಉಪದೇಶದಂತೆ ಕ್ರಿ.ಶ. 1432ರ ಫೆಬ್ರುವರಿ 13ರಂದು ಸುಮಾರು 42 ಅಡಿ ಎತ್ತರದ ಬಾಹುಬಲಿಯನ್ನು ಪ್ರತಿಷ್ಠಾಪಿಸಿದನು. ಶ್ರವಣಬೆಳಗೊಳದ ಮೂರ್ತಿಯು ಬೆಟ್ಟದ ನೆತ್ತಿಯ ಬಂಡೆಯಲ್ಲಿಯೇ ಕಡೆಯಲ್ಪಟ್ಟುದು. ಕಾರ್ಕಳದ ಮೂರ್ತಿಯನ್ನಾದರೋ ಬೇರೆಡೆ ಕಡೆದು ಗುಡ್ಡದ ಮೇಲಕ್ಕೆ ತರಲಾಯಿತೆಂಬುದು ಪರಂಪರೆ. 17ನೆಯ ಶತಮಾನದ ಚಂದ್ರಮ ಕವಿಯು ಈ ಗೊಮ್ಮಟೇಶ್ವರನ ಚರಿತೆಯನ್ನೇ ಕಾವ್ಯವಾಗಿ ರಚಿಸಿದನು. ಇಪ್ಪತ್ತು ಗಾಲಿಗಳ ಬಂಡಿಯನ್ನು ಕಟ್ಟಿ, ಜನಸಮೂಹವು ಅದನ್ನು ಇಳಿಜಾರಿನ ದಾರಿಯಲ್ಲಿ ಎಳೆದು ಮೇಲೇರಿಸಿತೆಂದು ಹೇಳಿಕೆಯಿದೆ. ಗಾಲಿಗಳ ಸಂಖ್ಯೆಯನ್ನು ಕುರಿತು ಸಂದೇಹ ತಾಳಬಹುದು. ಅಷ್ಟು ಭಾರದ ಶಿಲೆಯನ್ನು ಬಿರುಕು ಬಿಡದಂತೆ ಏರಿಸಿ ನೆಟ್ಟಗೆ ನಿಲ್ಲಿಸಲು ಹಗ್ಗ, ಸನ್ನೆ, ಇಳಿಜಾರುಗಳ ಪಕ್ವ ಜ್ಞಾನ ಬೇಕಾಗಿದ್ದಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಶಾಸನವು ಅರಸನನ್ನೂ ಗುರುವನ್ನೂ ಹೆಸರಿಸುತ್ತದೆಯೇ ಹೊರತು ಶಿಲ್ಪಿಯನ್ನು ಹೆಸರಿಸುವುದಿಲ್ಲ.

ಅಲ್ಲಿ ಕೃತಿ ಅಳಿದು ಕರ್ತೃ ಉಳಿದನು; ಇಲ್ಲಿ ಕೃತಿ ಉಳಿದು ಕರ್ತೃ ಅಳಿದನು. ಈ ವ್ಯತ್ಯಾಸವು ಪ್ರತಿಭೆಯದಲ್ಲ, ಬರವಣಿಗೆಯದು. ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಸಾಗಿದ ವಿದ್ಯೆಯನ್ನು ಕಾಗದಕ್ಕೆ ಇಳಿಸುವವರು ಇಲ್ಲಿರಲಿಲ್ಲ.

ಇದು ಗತಕಾಲದ ಮಾತಷ್ಟೇ ಅಲ್ಲ. ಧರ್ಮಸ್ಥಳದಲ್ಲಿ 1982ರಲ್ಲಿ ಪ್ರತಿಷ್ಠಿತವಾದ 39 ಅಡಿಯ ಬಾಹುಬಲಿಯನ್ನು ಕಾರ್ಕಳದಲ್ಲಿಯೇ ಕಡೆದು, 1973ರಲ್ಲಿ ಅನೇಕ ಗಾಲಿಗಳ ವಾಹನದ ಮೇಲೆ ಸಾಗಿಸಲಾಯಿತು. ಅದರ ಶಿಲ್ಪಿ ರೆಂಜಾಳ ಗೋಪಾಲ ಶೆಣೈ ಅವರ ಹೆಸರು ನಮಗೆ ತಿಳಿದಿದೆ. ಆದರೆ ಹೆಸರೊಂದು ಉಳಿದರೆ ಸಾಲದು. ಬಂಡೆಯನ್ನು ಆರಿಸಿದ ಬಗೆ, ಅಳತೆಯ ಕ್ರಮ, ಉಳಿಯ ಪ್ರಯೋಗ, ಸಾಗಣೆಯ ಉಪಾಯ ಇವೆಲ್ಲವೂ ದಾಖಲಾಗಬೇಕು. ನಮ್ಮ ವಿದ್ಯಾರ್ಥಿಗಳು ಶಾಸನಗಳ ಪಡಿಯಚ್ಚು ತೆಗೆಯುವಷ್ಟೇ ಶ್ರದ್ಧೆಯಿಂದ ಶಿಲ್ಪಿಗಳ ಕಾರ್ಯಶಾಲೆಗಳಲ್ಲಿಯೂ ಕುಳಿತು ಬರೆದುಕೊಳ್ಳುವಂತಾದರೆ, ಮುಂದಿನ ಇತಿಹಾಸಕಾರನು ಕಾರ್ಕಳದ ಗುಡ್ಡದ ಮೇಲೆ ನಮ್ಮಂತೆ ನಿರುತ್ತರನಾಗಿ ನಿಲ್ಲಬೇಕಾಗಲಾರದು.