ಗಡ್ಡಕ್ಕೂ ಪಂಚಾಂಗಕ್ಕೂ ಇದ್ದ ನಂಟು

ಎಲೆಕ್ಟ್ರಿಕ್ ಶೇವರ್ ಕೊಳ್ಳಲೆಂದು ದಬ್ಬೇಘಟ್ಟದಿಂದ ತುರುವೇಕೆರೆಗೋ ತಿಪಟೂರಿಗೋ ಹೋದ ಗಿರಾಕಿ ಅಂಗಡಿಯಲ್ಲಿ ಮೊದಲು ವಿಚಾರಿಸುವುದು ಬೆಲೆ, ಆಮೇಲೆ ಗ್ಯಾರಂಟಿ. ಆದರೆ ಆತ ತನ್ನನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ವಾರಕ್ಕೆ ಎಷ್ಟು ಸಲ ಗಡ್ಡ ತೆಗೆಯುತ್ತೇನೆ? ಈ ಯಂತ್ರ ಹೊಂದುವುದು ದಿನಾ ಬೆಳಿಗ್ಗೆ ಗಡ್ಡ ತೆಗೆದು ಕಚೇರಿಗೆ ಹೊರಡುವವನಿಗೆ. ನಮ್ಮ ತೆಂಗಿನ ಸೀಮೆಯ ಗಡ್ಡವೋ, ಬಹುಕಾಲ ಪಂಚಾಂಗ ನೋಡಿಕೊಂಡು ಬೆಳೆದದ್ದು.

ಮಂಗಳವಾರ, ಶುಕ್ರವಾರ, ಅಮಾವಾಸ್ಯೆಗಳಂದು ಕತ್ತಿ ಮುಟ್ಟುವಂತಿರಲಿಲ್ಲ. ಉಳಿದ ದಿನಗಳಲ್ಲೂ ಅದು ಅವರವರ ಕೈಯ ಕೆಲಸವಾಗಿರಲಿಲ್ಲ. ಹಡಪ ಹಿಡಿದ ಕ್ಷೌರಿಕ ಸರದಿಯಂತೆ ಬರುತ್ತಿದ್ದ. ಹಿತ್ತಿಲಲ್ಲೋ ಮರದ ನೆರಳಲ್ಲೋ ಕುಕ್ಕರುಗಾಲಲ್ಲಿ ಕೂತು ಮುಖ ಒಡ್ಡಬೇಕು. ಅಲ್ಲಿಗಲ್ಲಿಗೆ ದುಡ್ಡು ಕೊಡುವ ಪದ್ಧತಿಯಿಲ್ಲ. ಸುಗ್ಗಿಯಲ್ಲಿ ರಾಗಿಯ ಪಾಲು ಸಲ್ಲುತ್ತಿತ್ತು. ಅದೇ ‘ಆಯ’. ಹಳೆಯ ಮೈಸೂರು ಸೀಮೆಯ ಹನ್ನೆರಡು ಆಯಗಾರರಲ್ಲಿ ಕ್ಷೌರಿಕನೂ ಒಬ್ಬ.

ವಿಚಿತ್ರವೆಂದರೆ, ಊರ ಗೌಡನ ಕೊರಳ ಮೇಲೆ ಕತ್ತಿ ಆಡಿಸಲು ಆತನನ್ನು ನಂಬಿದ ಊರೇ, ಕ್ಷೌರ ಮುಗಿದೊಡನೆ ಮೈಲಿಗೆಯೆಂದು ಸ್ನಾನಕ್ಕೆ ಓಡುತ್ತಿತ್ತು. ಇನ್ನು ಆ ಹಡಪ ಬಹಳಷ್ಟು ಹಳ್ಳಿಗಳಲ್ಲಿ ದಲಿತರ ಕೇರಿಯ ಕಡೆಗೆ ಹೋಗುತ್ತಲೇ ಇರಲಿಲ್ಲ.

ಈ ಏರ್ಪಾಟನ್ನು ಅಲುಗಿಸಿದ್ದು ವಿದ್ಯುತ್ತಲ್ಲ, ಬ್ಲೇಡು. ಅಮೆರಿಕದ ಕಿಂಗ್ ಜಿಲೆಟ್ 1903ರಲ್ಲಿ ಮಾರಾಟಕ್ಕಿಟ್ಟ ಸೇಫ್ಟಿ ರೇಜರ್‌ಗಳಲ್ಲಿ ಆ ವರ್ಷ ಖರ್ಚಾದದ್ದು ಕೇವಲ 51. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರ ಚೀಲ ಸೇರಿದ ಮೇಲೆ ಅದರ ಅದೃಷ್ಟ ತೆರೆಯಿತು. ಮಸೆಯುವ ಕೆಲಸವಿಲ್ಲ, ಸರದಿ ಕಾಯಬೇಕಿಲ್ಲ, ಇನ್ನೊಬ್ಬರು ತನ್ನನ್ನು ಮುಟ್ಟಲು ಒಪ್ಪುತ್ತಾರೋ ಇಲ್ಲವೋ ಎಂದು ನೋಡಬೇಕಿಲ್ಲ. ಈ ಕೊನೆಯದು ಜಾಹೀರಾತಿನಲ್ಲಿ ಬಾರದ ಉಪಕಾರ. ತಲೆಗೂದಲಿಗೆ ಮಾತ್ರ ಆ ಬಿಡುಗಡೆ ಸಿಗಲಿಲ್ಲ. ದಲಿತರಿಗೆ ಕ್ಷೌರ ಮಾಡಿದ್ದಕ್ಕೆ ದಂಡ, ಬಹಿಷ್ಕಾರ ಅನುಭವಿಸಬೇಕಾಯಿತೆಂದು ನಂಜನಗೂಡು ತಾಲ್ಲೂಕಿನ ಹಲ್ಲರೆಯಲ್ಲಿ ಕ್ಷೌರಿಕರೊಬ್ಬರು ದೂರಿದ್ದು 1920ರಲ್ಲಲ್ಲ, 2020ರಲ್ಲಿ.

ನೀರು, ಸೋಪು ಬೇಡದ ಯಂತ್ರದ ಹಿಂದೆ ಬಿದ್ದವರು ಅಮೆರಿಕದ ಸೇನೆಯಲ್ಲಿದ್ದ ಜೇಕಬ್ ಶಿಕ್. ಅವರ ಶೇವರ್ 1931ರಲ್ಲಿ ಮಾರುಕಟ್ಟೆಗೆ ಬಂತು. ಬೆಲೆ 25 ಡಾಲರ್. ಅದೂ ಆರ್ಥಿಕ ಕುಸಿತದ ದಿನಗಳಲ್ಲಿ! ಹಾಲೆಂಡಿನ ಫಿಲಿಪ್ಸ್ 1939ರಲ್ಲಿ ತಿರುಗುವ ಬ್ಲೇಡಿನದನ್ನೂ, ಜರ್ಮನಿಯ ಬ್ರಾನ್ 1950ರಲ್ಲಿ ತೆಳು ಲೋಹದ ಜಾಲರಿಯದನ್ನೂ ತಂದವು. ಅಂಗಡಿಯಲ್ಲಿ ಇಂದಿಗೂ ಕಾಣುವುದು ಮುಖ್ಯವಾಗಿ ಈ ಎರಡು ಕುಲ.

ನಮ್ಮಲ್ಲಿ ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿಗೆ ಹರಿಯಿತು. ಹಳ್ಳಿಗಳು ದಶಕಗಳ ಕಾಲ ಕಾದವು. ಬಂದ ಮೇಲೂ ಕರೆಂಟಿನ ಯೋಚನೆಯೆಲ್ಲ ತೋಟದ ಪಂಪ್‌ಸೆಟ್ಟಿನದೇ. ಗಡ್ಡಕ್ಕೆ ಯಾರು ಕೇಳಬೇಕು? ಚಾರ್ಜ್ ಮಾಡುವ ಬ್ಯಾಟರಿ ಆ ತೊಡಕನ್ನು ಕಳೆಯಿತು.

ಗಡ್ಡದ ತೊಡಕು ಉಳಿದಿದೆ. ಜಾಲರಿಯ ಶೇವರ್‌ನಲ್ಲಿ ಕೂದಲು ಸಣ್ಣ ತೂತಿನೊಳಗೆ ನುಗ್ಗಬೇಕು, ಕೆಳಗೆ ಅತ್ತಿಂದಿತ್ತ ಓಡುವ ಬ್ಲೇಡು ಅದನ್ನು ಕತ್ತರಿಸಬೇಕು. ಒಂದೆರಡು ದಿನದ ಕುರುಚಲಾದರೆ ನುಣ್ಣಗಾಗುತ್ತದೆ. ವಾರದ ಗಡ್ಡ ಚರ್ಮಕ್ಕೆ ಅಂಟಿ ಮಲಗುವುದರಿಂದ ತೂತಿಗೆ ಸಿಗದು. ಒತ್ತಿ ಉಜ್ಜಿದರೆ ಉರಿ ಗ್ಯಾರಂಟಿ. ತಿರುಗುವ ಬ್ಲೇಡಿನದು ತುಸು ಉದ್ದದ, ದಿಕ್ಕಾಪಾಲಾಗಿ ಬೆಳೆದ ಕೂದಲನ್ನೂ ಹಿಡಿಯುತ್ತದೆ. ಆದ್ದರಿಂದ ದಿನ ನೋಡಿ ಗಡ್ಡ ತೆಗೆಯುವವರಿಗೆ ಅದೇ ವಾಸಿ. ಪೂರ್ತಿ ವಾರ ಬಿಟ್ಟರೆ ಮೊದಲು ಟ್ರಿಮ್ಮರ್ ಆಡಿಸಿಕೊಳ್ಳಬೇಕು. ಚರ್ಮ ಒಗ್ಗಲು ಎರಡು ಮೂರು ವಾರ ಬೇಕಾಗಬಹುದು. ಎರಡನೇ ದಿನಕ್ಕೇ ಯಂತ್ರವನ್ನು ಅಟ್ಟಕ್ಕೆ ಹಾಕಬೇಡಿ.

ಜಾಲರಿ, ಬ್ಲೇಡು ಸವೆಯುವ ಸಾಮಾನು. ಬದಲಿ ಭಾಗ ತಿಪಟೂರಿನಲ್ಲೇ ಸಿಗುತ್ತದೆಯೇ, ಅದಕ್ಕೆಷ್ಟು ಎಂದು ದುಡ್ಡು ಎಣಿಸುವ ಮೊದಲೇ ಕೇಳಿಬಿಡಿ.